ಕೊಸರಿನ ಇಂಜಿನ್

ಎಲ್ಲ ಕಷ್ಟಕ್ಕೂ ಕಾರಣ ಉಗುರಿನಷ್ಟಗಲದ ಒಂದು ಹಿತ್ತಾಳೆಯ ಹಲ್ಲುಚಕ್ರ. ಅದು ಇರಬೇಕಾದದ್ದು ಮೇಲಿನ ಮಹಡಿಯ ಟೈಲರ್ ಅಕ್ಕನ ಹೊಲಿಗೆ ಮಿಷನ್ನಿನೊಳಗೆ. ಇದ್ದದ್ದು ಕೊಸರಪ್ಪನ ರೈಲು ಇಂಜಿನ್ನಿನ ಹೊಟ್ಟೆಯೊಳಗೆ.

ಕೊಸರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪಾರ್ಸೆಲ್ ಆಫೀಸಿನಲ್ಲಿ ಗಂಟುಮೂಟೆ ತೂಗಿ ಚೀಟಿ ಅಂಟಿಸುವ ಗುಮಾಸ್ತ ಅವನು. ಆದರೆ ರಜೆ ಬಂತೆಂದರೆ ಕಟ್ಟಡದಲ್ಲಿ ಕೆಟ್ಟು ನಿಂತ ಯಂತ್ರಗಳೆಲ್ಲ ಅವನ ಬಾಗಿಲಿಗೆ ಬರುತ್ತಿದ್ದವು. ಬಿಚ್ಚುತ್ತಿದ್ದ, ಒರೆಸುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಮತ್ತೆ ಜೋಡಿಸುತ್ತಿದ್ದ. ಕೂಲಿ ಕೇಳುತ್ತಿರಲಿಲ್ಲ. ಆದರೆ ಜೋಡಿಸಿ ಮುಗಿಸಿದ ಮೇಲೆ ಹಾಸಿದ ಹಳೇ ಪತ್ರಿಕೆಯ ಮೇಲೆ ಏನಾದರೊಂದು ಮಿಕ್ಕೇ ಮಿಗುತ್ತಿತ್ತು. ಒಮ್ಮೆ ಸ್ಪ್ರಿಂಗು, ಒಮ್ಮೆ ವಾಷರ್ರು, ಒಮ್ಮೆ ಪುಟಾಣಿ ಗಾಲಿ.

"ಇದೇನ್ರೀ ಇದು?" ಎಂದು ಯಾರಾದರೂ ಕೇಳಿದರೆ, "ಕಂಪನಿಯವರು ಹಾಕಿರೋ ಕೊಸರು. ಸೊಪ್ಪಿನವಳು ಒಂದು ಹಿಡಿ ಹೆಚ್ಚಿಗೆ ಹಾಕಲ್ವಾ, ಹಾಗೆ" ಎನ್ನುತ್ತಿದ್ದ. ಯಂತ್ರ ಹೇಗೋ ಓಡುತ್ತಿತ್ತು, ಹಾಗಾಗಿ ಜನ ನಂಬುತ್ತಿದ್ದರು. ಸೋಜಿಗವೆಂದರೆ ಅವನೂ ಅದನ್ನು ಮನಸಾರೆ ನಂಬಿದ್ದ.

ಆ ಕೊಸರೆಲ್ಲ ಸೇರಿ ಅವನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಉಗಿಬಂಡಿಯ ಇಂಜಿನ್ ಆಗಿತ್ತು.

ಆಟದ ಸಾಮಾನು ಅಂದುಕೊಳ್ಳಬೇಡಿ. ಮೊಳದುದ್ದದ ಇಂಜಿನ್ ಅದು. ಅದರ ಬಾಯ್ಲರ್ ಹಿಂದೊಮ್ಮೆ ಟಾರ್ಚ್ ಆಗಿತ್ತು. ಚಿಮಣಿ, ಸೋರುತ್ತಿದ್ದ ನಲ್ಲಿಯ ಕುತ್ತಿಗೆ. ಚಕ್ರದಿಂದ ಚಕ್ರಕ್ಕೆ ಹಿಂದೆ ಮುಂದೆ ಆಡುವ ಕೈಗಳು ಮುರಿದ ಕೊಡೆಯ ಕಡ್ಡಿಗಳು. ದೀಪದ ಗಾಜು ಯಾರದೋ ಕನ್ನಡಕದ್ದು. ನೆಲದ ಮೇಲೆ ಮೊಟ್ಟೆಯಾಕಾರದಲ್ಲಿ ಬಗ್ಗಿಸಿಟ್ಟ ಹಳಿಗಳು ಕಿಟಕಿಯ ಪರದೆ ಜಾರುವ ಅಲ್ಯೂಮಿನಿಯಂ ಪಟ್ಟಿಗಳು. ಇದನ್ನು ಓಡಿಸುವುದು ಒಂದು ಗೋಡೆ ಗಡಿಯಾರದ ದಪ್ಪ ಸ್ಪ್ರಿಂಗು. ಕೀಲಿ ಕೊಟ್ಟು ಬಿಟ್ಟರೆ ಆಯಿತು. ಇಷ್ಟೆಲ್ಲ ಎಲ್ಲೆಲ್ಲಿಂದಲೋ ಬಂದದ್ದು ಎಂದು ಹೇಳಿದರೂ ಕಣ್ಣು ಒಪ್ಪುತ್ತಿರಲಿಲ್ಲ. ಟಾರ್ಚು ಹುಟ್ಟಿದಂದಿನಿಂದ ರೈಲಾಗುವುದಕ್ಕೇ ಕಾಯುತ್ತಿತ್ತೇನೋ ಅನ್ನಿಸುತ್ತಿತ್ತು. ಕೊಸರಪ್ಪನೇ ಎಷ್ಟೋ ಸಲ ಅದರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, "ಇದನ್ನ ನಾನಾ ಮಾಡಿದ್ದು?" ಎಂದು ಬೆರಗಾಗುತ್ತಿದ್ದ.

ಒಂದೇ ಕೊರತೆ. ಅದು ಇನ್ನೂ ಓಡಿರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದಳು. ಹಜಾರ ಚಿಕ್ಕದು. ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಬ್ಬರ ಲೆಕ್ಕ ಇನ್ನೊಬ್ಬರ ಪುಸ್ತಕದಲ್ಲಿ ಮಾಡುವಂತಾಗಿತ್ತು. ಹಿಂದಿನ ಕೋಣೆ ಅವಳಿಗೆ ಬೇಕು. ಕೇಳಿ ಕೇಳಿ ಸಾಕಾಗಿ ಶನಿವಾರ ರಾತ್ರಿ ಊಟಕ್ಕೆ ಬಡಿಸುತ್ತಾ ತೀರ್ಪು ಕೊಟ್ಟಿದ್ದಳು. "ನಾಳೆ ಸಂಜೆ ದೀಪ ಹಾಕೋದರೊಳಗೆ ಅದು ತಾನಾಗಿ ಒಂದು ಸುತ್ತು ಬರಲಿ. ಬಂದ್ರೆ ಕೋಣೆ ಇಂಜಿನ್‌ಗೆ, ನಾನು ಬಾಯಿ ಬಿಡಲ್ಲ. ಬರ್ಲಿಲ್ಲ ಅಂದ್ರೆ ಎಲ್ಲಾ ಗುಜರಿಗೆ. ಗುಜರಿಯವನಿಗೆ ಬರೋಕೆ ಹೇಳಿ ಆಗಿದೆ."

ಭಾನುವಾರ ಬೆಳಗ್ಗೆ ಕೊಸರಪ್ಪ ಕೈ ತೊಳೆದುಕೊಂಡು, ಇನ್ನೇನು ಕೀಲಿ ಕೊಡಬೇಕು, ಟೈಲರ್ ಅಕ್ಕ ಕತ್ತಿಗೆ ಅಳತೆ ಪಟ್ಟಿ ಹಾಕಿಕೊಂಡೇ ಒಳಗೆ ನುಗ್ಗಿದಳು.

"ಅಣ್ಣಾ, ನನ್ನ ಮಿಷನ್ ನಿಂತೇ ಹೋಯ್ತು! ನಾಳೆ ಬೆಳಗ್ಗೆ ಯೂನಿಫಾರಂ ಕೊಡ್ಬೇಕು. ತೋಳೊಂದು ಕಡೆ, ಕಾಲರ್ ಒಂದು ಕಡೆ ಬಿದ್ದಿದೆ."

"ಒಂಚೂರು ಎಣ್ಣೆ ಬಿಡಕ್ಕಾ, ಸರಿಹೋಗುತ್ತೆ."

"ಎಣ್ಣೆ ಬಿಟ್ಟೂ ಬಿಟ್ಟೂ ಬಟ್ಟೆಯೆಲ್ಲಾ ಕಲೆ. ನೀವು ರಿಪೇರಿ ಮಾಡಿದಾಗಿಂದ ಕುಂಟ್ತಾ ಇತ್ತು, ಇವತ್ತು ಮಲಗೇಬಿಟ್ಟಿದೆ. ಒಳಗೆ ಏನೋ ಇಲ್ಲ..." ಎನ್ನುತ್ತಿದ್ದವಳ ಮಾತು ಅಲ್ಲಿಗೇ ನಿಂತಿತು. ಇಂಜಿನ್ ಕಣ್ಣಿಗೆ ಬಿದ್ದಿತ್ತು. ಅವಳು ಮೆಲ್ಲಗೆ ನೆಲದ ಮೇಲೆ ಕೂತಳು. "ಅಯ್ಯೋ, ಎಷ್ಟು ಚೆನ್ನಾಗಿದೆ! ಇದರ ಕೈ ಕಾಲು ನೋಡಿ! ಜೀವ ಇರೋ ಹಾಗಿದೆಯಲ್ಲಣ್ಣಾ."

ಕೊಸರಪ್ಪ ಉಬ್ಬಿಹೋದ. ಉಬ್ಬಿ, ಹೊಟ್ಟೆಯ ಮುಚ್ಚಳವನ್ನೂ ತೆಗೆದು ತೋರಿಸಿದ. ಮಾಡಬಾರದಿತ್ತು.

"ಅಣ್ಣಾ, ಆ ಚಕ್ರಕ್ಕೆ ಕೆಂಪಗೆ ಏನೋ ಹತ್ತಿದೆಯಲ್ಲ?"

"ಅದು... ತುಕ್ಕು ಇರ್ಬೇಕು."

"ಹಿತ್ತಾಳೆಗೆ ತುಕ್ಕಾ? ಅದು ನನ್ನ ಉಗುರು ಬಣ್ಣ! ಯಾವ ಮುಖ ಮೇಲೆ ಬರ್ಬೇಕು ಅಂತ ನಾನೇ ಗುರುತು ಹಾಕಿದ್ದು!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೊಸರಪ್ಪ ಚಿಮುಟ ಹಿಡಿದು ಚಕ್ರವನ್ನು ಹೊರಗೆ ತೆಗೆದುಕೊಟ್ಟ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಅವನು ಹಲ್ಲು ಕೀಳಿಸಿಕೊಂಡವನ ಹಾಗೆ ಗಲ್ಲ ಹಿಡಿದು ಕೂತ.

ಒಳಗಿನಿಂದ ಹೆಂಡತಿ ಕೇಳಿದಳು, "ಓಡ್ತಾ?"

"ಓಡ್ತಾ ಇದೆ... ಅಂದ್ರೆ, ಓಡೋಕೆ ಹೊರಟಿದೆ."

ಇನ್ನೊಂದು ಹಲ್ಲುಚಕ್ರ ಎಲ್ಲಿದೆ ಎಂದು ಯೋಚಿಸುವಾಗ ಅವನ ಕಣ್ಣ ಮುಂದೆ ಕಟ್ಟಡದ ಯಂತ್ರಗಳೆಲ್ಲ ಬಟ್ಟೆ ಬಿಚ್ಚಿ ನಿಂತವು. ಯಾರ ಮನೆಯ ಯಾವ ಯಂತ್ರದೊಳಗೆ ಏನಿದೆ ಎಂಬುದು ಅವನಿಗೆ ಬಾಯಿಪಾಠ. ಸೆಕ್ರೆಟರಿಯವರ ಟೇಬಲ್ ಫ್ಯಾನು! ಅದು ಕುತ್ತಿಗೆ ತಿರುಗಿಸುವುದೇ ಅಂಥ ಒಂದು ಚಕ್ರದಿಂದ.

ಸೆಕ್ರೆಟರಿ ಎಂದರೆ ನಿವಾಸಿಗಳ ಸಂಘದ ಸೆಕ್ರೆಟರಿ. ಕಟ್ಟಡದಲ್ಲಿ ಯಾರು ಸೀನಿದರೂ ಅದು ನಿಯಮಕ್ಕೆ ಒಳಪಟ್ಟಿದೆಯೇ ಎಂದು ನೋಡುವವರು. ಅವರು ಒಂದು ಕಡೆ ಪತ್ರಿಕೆ ಹಿಡಿದು ಕೂತಿದ್ದರು, ಅವರ ಹೆಂಡತಿ ಇನ್ನೊಂದು ಕಡೆ ಹೆಣಿಗೆ ಹಿಡಿದು ಕೂತಿದ್ದರು. ಇಬ್ಬರೂ ಮಾತು ಬಿಟ್ಟು ತುಂಬ ದಿನವಾಗಿತ್ತು. ನಡುವೆ ಫ್ಯಾನು ಪಂಚಾಯಿತಿಯ ಹಿರಿಯನಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ಮುಖ ಮಾಡುತ್ತಾ ಮನೆಯ ಶಾಂತಿ ಕಾಪಾಡಿತ್ತು.

"ಸಾರ್, ಈ ಫ್ಯಾನ್ ಸರ್ವಿಸ್ ಮಾಡಿ ತುಂಬ ದಿನ ಆಯ್ತಲ್ವಾ?"

"ಚೆನ್ನಾಗೇ ಓಡ್ತಿದೆಯಲ್ರೀ."

"ಅದೇ ಭಯ ಸಾರ್. ಚೆನ್ನಾಗಿ ಓಡ್ತಿರೋದೇ ದಿಢೀರಂತ ನಿಂತ್ಹೋಗೋದು. ಕೆಟ್ಟು ಓಡೋದಾದ್ರೆ ಚಿಂತೆಯಿಲ್ಲ."

ಸೆಕ್ರೆಟರಿಯವರಿಗೆ ಮಾತು ಅರ್ಥವಾಗಲಿಲ್ಲ, ಬಿಟ್ಟಿ ಎಂಬುದು ಅರ್ಥವಾಯಿತು. ಸರಿ ಎಂದರು. ಕೊಸರಪ್ಪ ಬಿಚ್ಚಿದ, ಒರೆಸಿದ, ಎಣ್ಣೆ ಬಿಟ್ಟ, ಜೋಡಿಸಿದ. ಚಕ್ರ ಜೇಬಿಗೆ ಇಳಿಯಿತು. ಫ್ಯಾನು ಓಡಿತು. ಆದರೆ ಕುತ್ತಿಗೆ ಹೆಂಡತಿಯವರ ಕಡೆಗೇ ನೆಟ್ಟು ನಿಂತಿತು. ಅವರು ಮದುವೆಯಾದ ಮೇಲೆ ಮೊದಲ ಸಲ ಗೆದ್ದವರಂತೆ ನಕ್ಕರು.

"ಏನ್ರೀ ಇದು, ನನ್ನ ಕಡೆ ತಿರುಗ್ತಾನೇ ಇಲ್ಲ?"

"ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು ಸಾರ್" ಎಂದವನೇ ಕೊಸರಪ್ಪ ಮೆಟ್ಟಿಲು ಇಳಿದ.

ಮನೆಗೆ ಬಂದು ಚಕ್ರ ಕೂರಿಸಿದ. ಫ್ಯಾನಿನ ಚಕ್ರ ತುಸು ದೊಡ್ಡದು. ಎರಡು ಚಕ್ರ ಇರಬೇಕಾದ ಜಾಗವನ್ನೆಲ್ಲ ಅದೊಂದೇ ತುಂಬಿಕೊಂಡಿತು. ಇರಲಿ ಎಂದು ಕೀಲಿ ಕೊಟ್ಟು ಬಿಟ್ಟ. ಇಂಜಿನ್ ನಡುಗಿತು, ಉಸಿರು ಎಳೆದುಕೊಂಡಿತು, ಭರ್ರನೆ ಹಿಂದಕ್ಕೆ ಓಡಿ ಹಳಿ ಬಿಟ್ಟು ಬೀರುವಿನ ಕೆಳಗೆ ನುಗ್ಗಿತು. ಕೊಸರಪ್ಪ ಹೊಟ್ಟೆಯ ಮೇಲೆ ಮಲಗಿ ಪೊರಕೆಯ ಹಿಡಿಯಿಂದ ಅದನ್ನು ಎಳೆದು ತೆಗೆಯುವಾಗ ಬಾಗಿಲಲ್ಲಿ ಹೆಂಡತಿಯ ಪಾದಗಳು ಕಂಡವು.

"ಇದೇನಾ ಒಂದು ಸುತ್ತು?"

"ಇದು ಹಿಂದಿನ ಸುತ್ತು. ಮುಂದಿನದು ಬಾಕಿಯಿದೆ."

ಅದನ್ನು ತುಸು ಸರಿಸಿ ನಡುವೆ ಇನ್ನೊಂದು ಸಣ್ಣ ಚಕ್ರ ಸೇರಿಸಿದರೆ ದಿಕ್ಕು ಸರಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದು ಎಲ್ಲಿದೆ ಎಂಬುದೂ ಗೊತ್ತಿತ್ತು. ಅಲ್ಲಿಗೆ ಹೋಗಲು ಮಾತ್ರ ಕಾಲು ಬರಲಿಲ್ಲ.

ಅದು ಇದ್ದದ್ದು ಗಾರ್ಡ್ ತಾತನ ಗೋಡೆ ಗಡಿಯಾರದಲ್ಲಿ. ತಾತ ಆಯುಷ್ಯವೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸಿದವರು. ಈಗ ಕಟ್ಟಡದ ಕೆಳಗಿನ ಒಂಟಿ ಕೋಣೆಯಲ್ಲಿ ಇದ್ದರು. ಅವರ ಗಡಿಯಾರದಲ್ಲಿ ಗಂಟೆ ಬಡಿಯುವುದಕ್ಕೆಂದೇ ಬೇರೊಂದು ಸ್ಪ್ರಿಂಗು ಇತ್ತು. ಅದೇ ಈಗ ಇಂಜಿನ್ನಿನ ಹೃದಯವಾಗಿತ್ತು. ರಿಪೇರಿಯಾದ ದಿನದಿಂದ ಗಡಿಯಾರ ಮುಳ್ಳು ತಿರುಗಿಸುತ್ತಿತ್ತೇ ಹೊರತು ಬಡಿಯುತ್ತಿರಲಿಲ್ಲ.

ಕೊಸರಪ್ಪ ಹೊಸ್ತಿಲಲ್ಲಿ ನಿಂತು ಕೆಮ್ಮಿದ.

"ಬಾರಯ್ಯಾ" ಎಂದರು ತಾತ, ತಲೆ ಎತ್ತದೆ. "ಈ ಸಲ ಏನು ಬಿಚ್ಕೊಂಡು ಹೋಗೋಕೆ ಬಂದೆ?"

ಅವನ ಬಾಯಲ್ಲಿ ಸಿದ್ಧವಾಗಿದ್ದ ಸುಳ್ಳು ಅಲ್ಲೇ ಒಣಗಿಹೋಯಿತು. ಇಂಜಿನ್ನು, ಸ್ಪ್ರಿಂಗು, ಹೆಂಡತಿಯ ಮಾತು, ಗುಜರಿಯವನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ತಾತ ಬೈಯಲಿಲ್ಲ. ಕೋಲು ಹಿಡಿದು ಎದ್ದು, "ತೋರ್ಸು" ಎಂದರು ಅಷ್ಟೇ.

ಕೋಣೆಯ ಬಾಗಿಲಿಗೆ ಬಂದವರು ಇಂಜಿನ್ ನೋಡಿದರು. ಚಪ್ಪಲಿ ಹೊರಗೇ ಬಿಟ್ಟರು. ಒಳಗೆ ಬಂದು ಬಗ್ಗಿ, ಬಾಯ್ಲರಿನ ಮೇಲೆ ಅಂಗೈ ಇಟ್ಟರು, ಬಿಸಿಯಿದೆಯೇ ಎಂದು ನೋಡುವವರ ಹಾಗೆ.

"ಬಡಿಯುತ್ತೆ ಬಡಿಯುತ್ತೆ ಅಂತ ನಾನು ಅಲ್ಲಿ ಕಿವಿಗೊಟ್ಟು ಕೂತಿದ್ದೆ" ಎಂದರು. "ಅದು ಇಲ್ಲಿ ಬಂದು ಹೊರಡೋಕೆ ತಯಾರಾಗಿ ಕೂತಿದೆಯಲ್ಲಯ್ಯಾ! ಆ ಗಡಿಯಾರಾನೇ ಇಳಿಸ್ಕೊಂಡು ಬಾ. ಯಾವ ಚಕ್ರ ಬೇಕೋ ತಗೋ. ಬಡಿಯದೇ ಇರೋದಕ್ಕೆ ಅಷ್ಟೊಂದು ಚಕ್ರ ಯಾಕೆ?"

ಕೊಸರಪ್ಪನ ಕಣ್ಣು ತುಂಬಿತು. ಮೊದಲ ಸಲ ಒಬ್ಬರು ಕೊಸರನ್ನು ತಾವಾಗಿ ಕೊಟ್ಟಿದ್ದರು.

ಅವನು ಆ ಚಕ್ರವನ್ನು ಕೂರಿಸಿ ಕೊನೆಯ ತಿರುಪು ಬಿಗಿಯುವಷ್ಟರಲ್ಲಿ ಹಜಾರದಲ್ಲಿ ಗದ್ದಲ ಎದ್ದಿತು. ಸೆಕ್ರೆಟರಿ ಫ್ಯಾನನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದರು. ಅದರ ಕತ್ತು ಈಗ ಪೂರ್ತಿ ಜೋತುಬಿದ್ದಿತ್ತು. ಗದ್ದಲ ಕೇಳಿ ಟೈಲರ್ ಅಕ್ಕ ಒಂಟಿ ತೋಳಿನ ಅಂಗಿ ಹಿಡಿದುಕೊಂಡೇ ಇಳಿದು ಬಂದಿದ್ದಳು. ಗಾಯದ ಮೇಲೆ ಬರೆ ಎಂಬಂತೆ ಗುಜರಿಯವನೂ ತಕ್ಕಡಿ, ಗೋಣಿಚೀಲ ಹಿಡಿದು ಅದೇ ಹೊತ್ತಿಗೆ ಬಂದ.

"ಎಲ್ಲಿ ಆ ಕೊಸರಪ್ಪ? ಇದು ಕಟ್ಟಡಾನೋ ಕಳ್ಳರ ಸಂತೆಯೋ? ನನ್ನ ಫ್ಯಾನಿನ ಒಳಗಿಂದ..." ಎಂದು ಕೂಗುತ್ತಲೇ ಸೆಕ್ರೆಟರಿ ಕೋಣೆಗೆ ನುಗ್ಗಿದರು. ಹಿಂದೆಯೇ ಎಲ್ಲರೂ. ಕೊನೆಯಲ್ಲಿ, ಸಂಜೆಯ ಪಾಠದ ಲೆಕ್ಕ ಬರೆದಿಡುವಾಗ ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ, ಹೆಂಡತಿ.

"ಎಲ್ಲಾ ಹಿಂದೆ ಸರೀರಿ!" ಎಂದರು ಗಾರ್ಡ್ ತಾತ. ಆ ಮುದುಕನ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸೆಕ್ರೆಟರಿ ಕೂಡ ಗೋಡೆಗೆ ಅಂಟಿಕೊಂಡರು. "ಗಾಡಿ ಹೊರಡೋ ಹೊತ್ತು."

ತಾತ ಕರವಸ್ತ್ರ ಎತ್ತಿ ಬೀಸಿದರು. ಕೊಸರಪ್ಪ ಬೆರಳು ತೆಗೆದ.

ಇಂಜಿನ್ ಮೊದಲು ಏನೂ ಮಾಡಲಿಲ್ಲ. ಆಮೇಲೆ ಒಳಗೆಲ್ಲೋ ಟಿಕ್ ಎಂದಿತು. ಕೊಡೆಯ ಕಡ್ಡಿಗಳು ಮೈಮುರಿದು ಎದ್ದವು, ಚಕ್ರಗಳು ಒಂದರ ಮಾತು ಒಂದು ಕೇಳುತ್ತಾ ತಿರುಗಿದವು, ಇಂಜಿನ್ ಮುಂದಕ್ಕೆ, ಹೌದು, ಮುಂದಕ್ಕೇ ಹೊರಟಿತು. ಆತುರವಿಲ್ಲ. ದೊಡ್ಡ ರೈಲು ನಿಲ್ದಾಣ ಬಿಡುವಾಗ ಇರುವ ಗಾಂಭೀರ್ಯವೇ ಅದಕ್ಕೂ ಇತ್ತು. ಕಿಟಕಿಯ ಬಿಸಿಲು ಅದರ ಬೆನ್ನ ಮೇಲೆ ಹರಿದು ಹೋಯಿತು. ತಿರುವಿನಲ್ಲಿ ಕೀಚೆಂದು ಕಿರುಚಿತು, ಒಂದು ಪಕ್ಕ ಮೇಲೆದ್ದಿತು, ಎಲ್ಲರ ಉಸಿರೂ ಮೇಲೆದ್ದಿತು. ಇಂಜಿನ್ ಹಳಿಗೆ ಮರಳಿ ಬಿದ್ದು, ಸುಧಾರಿಸಿಕೊಂಡು, ಬೀರುವಿನ ಪಕ್ಕದಿಂದ, ಮೇಜಿನ ಕೆಳಗಿನಿಂದ ಹಾದು ಹೊರಟ ಜಾಗಕ್ಕೇ ಬಂದು ನಿಂತಿತು.

ಎಸೆದ ತಗಡು, ಮುರಿದ ಕಡ್ಡಿ, ಬೇಡವಾದ ಸ್ಪ್ರಿಂಗು ಇವೆಲ್ಲ ಒಂದಾಗಿ ತಾವಾಗಿ ನಡೆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಗಾರ್ಡ್ ತಾತನ ಕೈಯಲ್ಲಿ ಕರವಸ್ತ್ರ ಇನ್ನೂ ಮೇಲೆಯೇ ಇತ್ತು.

"ಅದು..." ಎಂದು ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಅದರ ಹೊಟ್ಟೆಯೊಳಗೆ ದೊಡ್ಡ ಚಕ್ರ ಇದೆಯಲ್ಲ, ಅದು ನಮ್ಮ ಮನೆ ಫ್ಯಾನಿಂದು." ಬಂದಾಗ ಕಳುವಾಗಿದ್ದ ಚಕ್ರ ಈಗ ಅವರು ಮಾಡಿದ ದಾನವಾಗಿತ್ತು.

"ನಂದೂ ಇತ್ತು, ಬೆಳಗ್ಗೆ ಕಿತ್ಕೊಂಡು ಹೋದೆ. ಎಂಥಾ ಪಾಪಿ ನಾನು!" ಎಂದಳು ಟೈಲರ್ ಅಕ್ಕ.

ಗುಜರಿಯವನು ತಕ್ಕಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೆಂಡತಿಯ ಕಡೆ ತಿರುಗಿದ. "ಅಮ್ಮಾ, ಇದನ್ನ ತೂಕಕ್ಕೆ ಹಾಕಿದ್ರೆ ನನ್ನ ಕೈ ಬಿದ್ಹೋಗುತ್ತೆ. ನಾನು ಬರ್ತೀನಿ." ಹೇಳಿದನೇ ಹೊರತು ಹೋಗಲಿಲ್ಲ.

ಕೊಸರಪ್ಪ ಎದೆ ಸೆಟೆಸಿ ನಿಂತ. ಕೋಣೆ ಗೆದ್ದಿದ್ದ. ಬದುಕಿನಲ್ಲಿ ಒಂದು ಸಲ, ಒಂದೇ ಸಲ, ಗೆದ್ದಿದ್ದ. ಹೆಂಡತಿ ಏನು ಹೇಳುತ್ತಾಳೆಂದು ಅವಳ ಮುಖ ನೋಡಿದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಸೀರೆ ಮುದುಡೀತೆಂಬ ಪರಿವೆಯೂ ಇಲ್ಲದೆ ನೆಲಕ್ಕೆ ಕೆನ್ನೆ ಹಚ್ಚಿ ಹಳಿಯನ್ನು ನೋಡುತ್ತಿದ್ದಳು.

"ಇನ್ನೊಂದು ಸಲ ಬಿಡ್ರೀ."

ಬಿಟ್ಟ. ತಿರುವಿನಲ್ಲಿ ಇಂಜಿನ್ ಮತ್ತೆ ಕಿರುಚಿತು.

"ಯಾಕೆ ಕಿರುಚುತ್ತೆ?"

"ಎಣ್ಣೆ ಬಿಟ್ರೆ ಸರಿಹೋಗುತ್ತೆ."

"ಎಣ್ಣೆಯಲ್ಲ ರೀ." ಅವಳು ಸೀಮೆಸುಣ್ಣ ತೆಗೆದು ನೆಲದ ಮೇಲೆ ಒಂದರೊಳಗೊಂದು ಎರಡು ಬಿಲ್ಲು ಬರೆದಳು. "ನೋಡಿ, ತಿರುವಲ್ಲಿ ಹೊರಗಿನ ಹಳಿ ಉದ್ದ, ಒಳಗಿಂದು ಗಿಡ್ಡ. ಎರಡು ಚಕ್ರಾನೂ ಒಂದೇ ಕಂಬಿಗೆ ಬಿಗಿದಿದೀರಿ. ಒಂದು ಹೆಚ್ಚು ದೂರ ಹೋಗ್ಬೇಕು, ಇನ್ನೊಂದು ಕಮ್ಮಿ. ಒಟ್ಟಿಗೇ ತಿರುಗಿದ್ರೆ ಒಂದು ತನ್ನನ್ನ ತಾನೇ ಉಜ್ಜಿಕೊಂಡು ಹೋಗ್ಬೇಕು ಪಾಪ. ಅದಕ್ಕೇ ಅಳೋದು."

ಎದ್ದು ಹೋಗಿ ಅಡುಗೆ ಮನೆಯಿಂದ ಒಂದು ಲೋಟ ತಂದಳು. ಬಾಯಿ ಅಗಲ, ಬುಡ ಸಣ್ಣ. ಅದನ್ನು ಅಡ್ಡ ಮಲಗಿಸಿ ಬೆರಳಿನಿಂದ ತಳ್ಳಿದಳು. ಲೋಟ ನೇರ ಹೋಗಲಿಲ್ಲ. ಯಾರೋ ಕೈಹಿಡಿದು ತಿರುಗಿಸಿದಂತೆ ಅಂದವಾಗಿ ದುಂಡಗೆ ಉರುಳಿ ಅವಳ ಹತ್ತಿರಕ್ಕೇ ಬಂತು.

"ಚಕ್ರದ ಅಂಚು ಹೀಗೆ ಒಂದು ಕಡೆಗೆ ಇಳಿಜಾರಾಗಿರ್ಬೇಕು. ಆಗ ತಿರುವು ಬಂದಾಗ ಅದೇ ತನ್ನ ದಾರಿ ಹುಡುಕ್ಕೊಳ್ಳುತ್ತೆ. ಯಾರೂ ಹೇಳಿಕೊಡೋದು ಬೇಡ."

ಲೋಟ ಉರುಳುವುದನ್ನು ಎಂದೂ ಕಾಣದವರಂತೆ ಎಲ್ಲರೂ ಅದನ್ನೇ ನೋಡಿದರು. ಗಾರ್ಡ್ ತಾತ ಗೋಡೆ ಹಿಡಿದುಕೊಂಡರು. "ನಿಜವಾದ ರೈಲಿನ ಚಕ್ರಾನೂ ಹಾಗೇ ಇರೋದು ತಾಯಿ. ಆಯಸ್ಸೆಲ್ಲಾ ಅದರ ಮೇಲೇ ನಿಂತು ಹೋದೆ. ಯಾಕೆ ಹಾಗಿರುತ್ತೆ ಅಂತ ಇವತ್ತು ತಿಳೀತು."

ಕೊಸರಪ್ಪ ಲೋಟವನ್ನು ಎತ್ತಿ ತಿರುಗಿಸಿ ನೋಡಿದ. ಇಷ್ಟು ವರ್ಷ ಗೋಡೆಯ ಆ ಕಡೆ ಅವಳು ಲೆಕ್ಕ ಹೇಳುತ್ತಿದ್ದಳು, ಈ ಕಡೆ ಅವನು ಸ್ಕ್ರೂ ತಿರುಗಿಸುತ್ತಿದ್ದ. ಲೆಕ್ಕವೆಂದರೆ ಮಕ್ಕಳನ್ನು ಅಳಿಸುವ ಕಸುಬು ಎಂದೇ ಅವನು ತಿಳಿದಿದ್ದ. ತನ್ನ ಇಂಜಿನ್ನಿಗಿಂತ ದೊಡ್ಡ ಅಚ್ಚರಿಯೊಂದು ತನ್ನ ಮನೆಯಲ್ಲೇ ಸಾರಿಗೆ ಒಗ್ಗರಣೆ ಹಾಕಿಕೊಂಡಿತ್ತು ಎಂದು ಅವನಿಗೆ ಈಗ ಗೊತ್ತಾಯಿತು. ಆ ಬೆರಗಿನಲ್ಲಿ ಮೈಮರೆತು ನಿಂತಿದ್ದಾಗಲೇ ಅವಳು ಕೈ ಚಾಚಿ, "ಕೊಡಿ ಇಲ್ಲಿ" ಎಂದಳು. ಅವನು ಸ್ಕ್ರೂಡ್ರೈವರ್ ಕೊಟ್ಟುಬಿಟ್ಟ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಇದಕ್ಕೇ.

"ಅಕ್ಕಾ, ನಿಮ್ಮ ಅಳತೆ ಪಟ್ಟಿ ಹಳಿಯ ಮೇಲೆ ಹಾಸಿ. ಸಾರ್, ಫ್ಯಾನ್ ಆ ಕಡೆ ಇಡಿ, ಮೇಜಿನ ಮೇಲಿರೋ ಟಾರ್ಚ್ ಹಿಡ್ಕೊಳ್ಳಿ, ಅಲುಗಾಡಿಸಬೇಡಿ. ತಾತಾ, ನೀವು ಕುರ್ಚಿ ಮೇಲೆ ಕೂತು ಚಕ್ರ ಎಲ್ಲಿ ಮೇಲೇಳುತ್ತೆ ಹೇಳ್ತಾ ಹೋಗಿ. ಗುಜರಿಯಪ್ಪಾ, ನಿನ್ನ ಚೀಲದಲ್ಲಿ ಹಳೇ ಗಾಲಿ ಏನಾದ್ರೂ ಇದ್ರೆ ಸುರಿ." ಪಾಠದ ಮಕ್ಕಳಂತೆ ಎಲ್ಲರೂ ಮಾತು ಕೇಳಿದರು. ಸೆಕ್ರೆಟರಿ ಟಾರ್ಚ್ ಹಿಡಿದು ಉಸಿರು ಬಿಗಿಹಿಡಿದರು.

"ನಾನು?" ಎಂದ ಕೊಸರಪ್ಪ.

"ಮಕ್ಕಳು ಬರೋ ಹೊತ್ತಾಯ್ತಲ್ಲ ರೀ. ಇವತ್ತು ಪಾಠ ನೀವೇ ನೋಡ್ಕೊಳ್ಳಿ."

"ಅಲ್ಲ ಕಣೇ, ಕೋಣೆ ಇಂಜಿನ್‌ಗೆ ಅಂತ ತಾನೇ ಮಾತಾಗಿದ್ದು?"

"ಹೌದಲ್ಲ, ಮಾತಿಗೆ ತಪ್ಪಿದೀನಾ? ಅದಕ್ಕೇ ಹೇಳ್ತಿರೋದು, ಮಕ್ಕಳನ್ನ ಈ ಕಡೆ ಬಿಡಬೇಡಿ. ತಿರುವು ಸರಿಯಾಗೋವರೆಗೆ ನೀವೂ ಬರ್ಬೇಡಿ. ಬೆಳಕಿಗೆ ಅಡ್ಡ ಬರ್ತೀರಿ."

ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಬಿದ್ದ ಸದ್ದೂ ಕೇಳಿತು.

ಸ್ವಲ್ಪ ಹೊತ್ತಿಗೆ ಹಜಾರದಲ್ಲಿ ಮಕ್ಕಳು ಬಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಮುಂದಿನ ಸಾಲಿನ ಹುಡುಗಿ ಪುಸ್ತಕ ತೆರೆದು ಓದಿದಳು. "ಒಂದು ಊರಿನಿಂದ ಒಂದು ರೈಲು ಹೊರಡುತ್ತೆ. ಎದುರಿನ ಊರಿನಿಂದ ಇನ್ನೊಂದು ರೈಲು ಹೊರಡುತ್ತೆ. ಎರಡೂ ಎಲ್ಲಿ ಸೇರುತ್ತವೆ? ಹೇಗ್ ಮಾಡೋದು ಸಾರ್?"

ಮುಚ್ಚಿದ ಬಾಗಿಲಿನ ಹಿಂದೆ ಚಕ್ರಗಳು ಉರುಳಿದವು. ಈ ಸಲ ತಿರುವಿನಲ್ಲಿ ಕಿರುಚಲೇ ಇಲ್ಲ. ಎಲ್ಲರೂ ಒಟ್ಟಿಗೆ "ಆಹಾ!" ಎಂದರು. ಕೊಸರಪ್ಪ ಸೀಮೆಸುಣ್ಣ ಹಿಡಿದುಕೊಂಡು ಬಾಗಿಲನ್ನೇ ನೋಡಿದ.

"ರೈಲು ಹೊರಡೋದೇನೋ ಸರಿ ಮಗೂ" ಎಂದ. "ಆ ಇಂಜಿನ್ ಮಾಡಿದೋನು ಯಾರು ಅಂತ ಬರೆದಿದಾರಾ?"

ಹುಡುಗಿ ಪುಟದ ಮೇಲೆ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಹುಡುಕಿದಳು.

"ಇಲ್ಲ ಸಾರ್" ಎಂದಳು. "ಅದು ಲೆಕ್ಕದಲ್ಲಿ ಬರೋದೇ ಇಲ್ಲ."